ರೊಟ್ಟಿ ಒಲೆಯ ಮುಂದಿನ ನಾಲ್ಕು ಕೆಂಪು ದೀಪ

ನಾನು ಜೀವನದಲ್ಲಿ ಮಾಡಿದ ನಾಲ್ಕಾರು ಒಳ್ಳೆಯ ಕೆಲಸಗಳನ್ನು ಹೊಟ್ಟೆಬಾಕತನದಿಂದಲೇ ಮಾಡಿದ್ದೇನೆ. ಪರೋಪಕಾರ ಎಂಬುದು ನನ್ನ ಹತ್ತಿರ ಸುಳಿದದ್ದು ಕಡಿಮೆ. ಈಗ ಹೇಳಹೊರಟ ಸಂಗತಿಯಲ್ಲೂ ಮೊದಲು ಗಾಬರಿಯಾದದ್ದು ನನ್ನ ಹೊಟ್ಟೆ, ಆಮೇಲೆ ಓಡಿದ್ದು ತಲೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಈಗಿನ ವಿಜಯಪುರ ಆಗ ನಮ್ಮ ಬಾಯಲ್ಲಿ ಬಿಜಾಪುರ. ಬಬಲೇಶ್ವರದಿಂದ ಬಂದ ನಾನು ಸ್ಟೇಷನ್ ರಸ್ತೆಯ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಂಗಡಿಯ ಯಜಮಾನರನ್ನು ಎಲ್ಲರೂ ಉಸ್ತಾದ ಎನ್ನುತ್ತಿದ್ದರು. ಅವರ ತಂದೆ ಇದೇ ಜಾಗದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರಂತೆ. ಮಗ ರೇಡಿಯೋಕ್ಕೆ ಬಂದರೂ ತಂದೆಯ ಭೂತಗನ್ನಡಿಯನ್ನು ಬಿಟ್ಟಿರಲಿಲ್ಲ. ಅದನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನಾನು ಹಚ್ಚಿದ ಸೋಲ್ಡರ್ ನೋಡಿ, "ಇದೇನ ಬೇಟಾ, ಬೆಸಿಗಿ ಹಾಕೀಯೋ, ಬೆಲ್ಲಾ ಮೆತ್ತೀಯೋ?" ಎಂದು ಕೇಳುವುದು ಅವರ ದಿನದ ಮೊದಲ ಸಂತೋಷ.

ಅಂಗಡಿಯ ಎದುರಿಗೇ ಖಾನಾವಳಿ. ಮುಂದೆ ನಾಲ್ಕು ಟೇಬಲ್ಲು, ನಡುವೆ ಒಂದು ಗೋಡೆ, ಹಿಂದೆ ಅಡಿಗೆಮನೆ, ಅದರ ಹಿಂದೆ ಹಿತ್ತಲು. ತಿಂಗಳೂಟಕ್ಕೆ ಹೆಸರು ಹಚ್ಚಿದ್ದ ನಾನು ಮಧ್ಯಾಹ್ನ ಹನ್ನೆರಡೂವರೆಗೆ ಅಲ್ಲಿ ಹಾಜರು. ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಎಲ್ಲ ಚೆನ್ನಾಗಿಯೇ ಇರುತ್ತಿದ್ದವು. ಆದರೆ ನಾನು ಹೋಗುತ್ತಿದ್ದದ್ದು ರೊಟ್ಟಿಗಾಗಿ. ಅಂಥ ಜೋಳದ ರೊಟ್ಟಿಯನ್ನು ನನ್ನ ತಾಯಿಯೂ ಮಾಡುತ್ತಿರಲಿಲ್ಲ. ಈ ಮಾತನ್ನು ತಾಯಿಯ ಮುಂದೆ ಒಮ್ಮೆ ಆಡಿ ವಾರಗಟ್ಟಲೆ ಅನುಭವಿಸಿದ್ದೇನೆ.

ಆ ರೊಟ್ಟಿ ಮಾಡುವಾಕೆ ಟಿಕೋಟಾದವಳು. ವಯಸ್ಸು ಐವತ್ತರ ಹತ್ತಿರ. ಖಾನಾವಳಿಗೆ ಬಂದವರೆಲ್ಲ ಅಕ್ಕ ಎನ್ನುತ್ತಿದ್ದರು, ಆಕೆಗೆ ಕೇಳಿಸುತ್ತಿರಲಿಲ್ಲ. ಇಪ್ಪತ್ತರ ಪ್ರಾಯದಲ್ಲಿ ಬಂದ ಜ್ವರ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು. ಮಾತು ಮಾತ್ರ ಚೆನ್ನಾಗಿ ಆಡುತ್ತಿದ್ದಳು, ತನ್ನ ದನಿ ತನಗೇ ಕೇಳದ್ದರಿಂದ ಓಣಿಗೆಲ್ಲ ಕೇಳುವಂತೆ. ಗಂಡನಿಲ್ಲ, ಮಕ್ಕಳಿಲ್ಲ. ಅಡಿಗೆಮನೆಗೆ ಹತ್ತಿಕೊಂಡ ಒಂದು ಸಣ್ಣ ಖೋಲಿಯೇ ಆಕೆಯ ಮನೆ. ಆ ಒಲೆ ಹೋದರೆ ಖೋಲಿಯೂ ಹೋಗುತ್ತಿತ್ತು.

ನಮ್ಮ ಕಡೆಯ ಖಾನಾವಳಿಗಳಲ್ಲಿ ಒಂದು ಧರ್ಮವಿದೆ. ಉಣ್ಣುವವನ ಕೈ ಒಣಗಬಾರದು. ತಾಟಿನಲ್ಲಿದ್ದ ರೊಟ್ಟಿಯ ಕೊನೆಯ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಹಂಚಿನ ಮೇಲಿಂದ ಇಳಿದ ಮುಂದಿನದು ಬಂದು ಬೀಳಬೇಕು. ಮುಂಚೆಯೇ ಸುಟ್ಟು ಪೇರಿಸಿಟ್ಟದ್ದನ್ನು ಕೊಟ್ಟರೆ ಗಿರಾಕಿ ಮೂಗು ಮುರಿಯುತ್ತಾನೆ, ಬಿಸಿಯದಕ್ಕೆ ಕಾಯಿಸಿದರೆ ಎದ್ದು ಹೋಗುತ್ತಾನೆ. ಹೀಗಾಗಿ ಹೊರಗಿನ ಸುದ್ದಿ ಒಲೆಗೆ ಮುಟ್ಟುತ್ತಲೇ ಇರಬೇಕು. ಇಪ್ಪತ್ತು ವರ್ಷ ಆ ಸುದ್ದಿ ಮುಟ್ಟಿಸಿದವನು ಒಬ್ಬ ಮುದುಕ. ಉಣ್ಣುವವರಿಗೆ ಬಡಿಸುವ ಕೆಲಸ ಅವನದು. ಅಕ್ಕನ ಎದುರಿಗೆ ಬಂದು ನಿಂತು ಒಂದು ಕೈಯಲ್ಲಿ ಟೇಬಲ್ಲಿನ ಲೆಕ್ಕ, ಇನ್ನೊಂದು ಕೈಯಲ್ಲಿ ರೊಟ್ಟಿಯ ಲೆಕ್ಕ ತೋರಿಸುತ್ತಿದ್ದ. ಆ ವರ್ಷ ಅವನ ಮೊಣಕಾಲು ಕೈಕೊಟ್ಟವು. ಸಾರವಾಡದ ಮಗಳ ಮನೆಗೆ ಹೋದವನು ತಿರುಗಿ ಬರಲಿಲ್ಲ.

ಅವನ ಜಾಗಕ್ಕೆ ಬಂದವರೆಲ್ಲ ಬಾಗಿಲಲ್ಲೇ ನಿಂತು ಒದರುವವರು. ಅಕ್ಕನ ಬೆನ್ನು ಬಾಗಿಲಿಗೆ, ಮುಖ ಒಲೆಗೆ. ಅವರು ಒದರಿದ್ದು ರೈಲ್ವೆ ಸ್ಟೇಷನ್ನಿಗೆ ಕೇಳುತ್ತಿತ್ತು, ಮೂರು ಮಾರು ದೂರದ ಅಕ್ಕನಿಗಲ್ಲ. ಭುಜ ಮುಟ್ಟಿ ಹೇಳಿದರೆ ಬೆಚ್ಚಿ ಬಿದ್ದು ರೊಟ್ಟಿ ಹರಿದುಕೊಳ್ಳುತ್ತಿದ್ದಳು. ಹೊರಗೆ ಗಿರಾಕಿಗಳು ಅರ್ಧ ಊಟದಲ್ಲಿ ಒಣಗಿದ ಕೈ ಹಿಡಿದುಕೊಂಡು ಗೋಡೆ ನೋಡುತ್ತಿದ್ದರು.

ಒಂದು ದಿನ ಮಾಲಕರು ನನ್ನ ಎದುರು ಕುಳಿತು ಹೊಟ್ಟೆಯಲ್ಲಿದ್ದದ್ದನ್ನು ಹೇಳಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು.

"ಪಾಪ ಅನ್ನಸ್ತೈತೋ ತಮ್ಮಾ. ಖರೇ, ಮಂದಿ ಎದ್ದು ಹೋಗಾಕತ್ಯಾರ. ನಿಮ್ಮ ಬಬಲೇಶ್ವರದಾಗ ಒಬ್ಬಾಕಿನ್ನ ನೋಡೇನಿ. ಕಿವಿ ಕೇಳ್ತಾವ."

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನಮ್ಮೂರಿನ ರೊಟ್ಟಿ ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. "ಮಾಲಕ್ರ, ಒಂದ್ ತಿಂಗಳಾ ತಡೀರಿ. ಅಕ್ಕಗ ಕಣ್ಣಿಗೆ ಕಾಣೂ ಹಂಗ ಒಂದು ಯಂತ್ರಾ ಮಾಡಿ ಕೊಡ್ತೀನಿ," ಎಂದುಬಿಟ್ಟೆ. ಯಾವ ಯಂತ್ರ, ಹೇಗೆ ಮಾಡುವುದು, ಒಂದೂ ತಿಳಿದಿರಲಿಲ್ಲ.

ಯೋಚನೆಯೇನೋ ಸರಳ. ಬಡಿಸುವವರು ಒತ್ತಲು ಪ್ರತಿ ಟೇಬಲ್ಲಿಗೊಂದು ಗುಂಡಿ, ಒಲೆಯ ಆಚೆ ಅಕ್ಕನ ಕಣ್ಣೆದುರಿನ ಗೋಡೆಯಲ್ಲಿ ನಾಲ್ಕು ದೀಪ. ಯಾವ ದೀಪ ಹತ್ತಿತೋ ಆ ಟೇಬಲ್ಲಿಗೆ ರೊಟ್ಟಿ. ಆದರೆ ಅಡಿಗೆಮನೆಗೆ ವಿದ್ಯುತ್ತಿನ ವೈರು ಎಳೆಯಲು ಮಾಲಕರು ಒಪ್ಪಲಿಲ್ಲ. ಹಬೆಗೆ ಗೋಡೆ ಸದಾ ಒದ್ದೆ, ಹಿಂದೊಮ್ಮೆ ಯಾರಿಗೋ ಶಾಕ್ ಹೊಡೆದಿತ್ತು. ಸರಿ, ನಾಲ್ಕು ಬ್ಯಾಟರಿ ಸೆಲ್ ಹಾಕಿ ಟಾರ್ಚಿನ ಬಲ್ಬು ಕೂಡಿಸಿದೆ. ಮೂರು ದಿನದಲ್ಲಿ ಮೂರು ಬಲ್ಬು ಹೋದವು. ನಾನು ಅಂಗಡಿಯವನನ್ನು ಬೈದೆ, ಸೆಲ್ಲನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಂತೆ. ಕೊನೆಗೆ ಒಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ಕುಳಿತು ನೋಡಿದಾಗ ತಿಳಿಯಿತು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಆಕೆ ಬಡಿಯುವ ಹಲಗೆ ಗೋಡೆಗೆ ತಾಗಿತ್ತು, ಒಂದೊಂದು ಏಟಿಗೂ ಗೋಡೆ ಅದುರುತ್ತಿತ್ತು. ಬಲ್ಬಿನ ಒಳಗಿನ ಕೂದಲಿನಂಥ ತಂತಿ ಆ ಏಟಿಗೆ ಕಡಿಯುತ್ತಿತ್ತು. ನೂರಾರು ಜನರ ರೊಟ್ಟಿ ಬಡಿಯುವ ಕೈಯ ಎದುರು ಅದು ಎಷ್ಟು ದಿನ ತಾಳೀತು?

ಉಸ್ತಾದರು ನಕ್ಕು ತಮ್ಮ ನಶ್ಯದ ಡಬ್ಬಿ ತೆಗೆದರು. ಅದರಲ್ಲಿ ನಶ್ಯವಿರಲಿಲ್ಲ. ಹತ್ತಿಯಲ್ಲಿ ಸುತ್ತಿದ ಆರು ಎಲ್ಇಡಿಗಳಿದ್ದವು. ಆ ಹೆಸರನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಕಣ್ಣಿಂದ ನೋಡಿದ್ದು ಅಂದೇ. ಮುಂಬಯಿಗೆ ಹೋದಾಗ ಆಸೆಬಿದ್ದು ತಂದಿದ್ದರಂತೆ. ಒಂದೊಂದೂ ದಾಳಿಂಬೆ ಕಾಳಿನಷ್ಟು, ಬಣ್ಣವೂ ಅದೇ.

"ಇದರಾಗ ತಂತಿ ಇಲ್ಲ. ಕಡದ ಹೋಗೂ ಮಾತ ಇಲ್ಲ. ಸೆಲ್ಲೂ ಭಾಳ ತಿನ್ನೂದಿಲ್ಲ," ಎಂದರು.

ಅಂಗಡಿಯ ನೆರಳಿನಲ್ಲಿ ಹಚ್ಚಿ ನೋಡಿದಾಗ ಮನಸ್ಸು ಕುಣಿಯಿತು. ಅಡಿಗೆಮನೆಯಲ್ಲಿ ಹಚ್ಚಿದಾಗ ಅಳು ಬಂತು. ಮಾಡಿನ ಬೆಳಕಿಂಡಿಯಿಂದ ಮಧ್ಯಾಹ್ನದ ಬಿಸಿಲು ನೆಟ್ಟಗೆ ಆ ಗೋಡೆಯ ಮೇಲೇ ಬೀಳುತ್ತಿತ್ತು, ಊಟದ ಹೊತ್ತಿಗೇ. ಕೆಳಗೆ ಒಲೆಯ ಉರಿ. ಇವೆರಡರ ನಡುವೆ ಆ ಕಾಲದ ಎಲ್ಇಡಿ ಹತ್ತಿದೆಯೋ ಇಲ್ಲವೋ ಎಂದು ನಾನೇ ಅಂಗೈ ಅಡ್ಡ ಹಿಡಿದು ನೋಡಬೇಕಾಯಿತು. ಅಕ್ಕ ನನ್ನ ಮುಖ ನೋಡಿ ಮರುಗಿದಳು.

"ಸಣ್ಣ ಐತಲ್ಲೋ ಯಪ್ಪಾ, ಹಸದೈತೇನು ಇದು?" ಎಂದು ಓಣಿಗೆಲ್ಲ ಕೇಳುವಂತೆ ಕೇಳಿದಳು.

"ಕರೆಂಟ್ ಜಾಸ್ತಿ ಕೊಟ್ಟರ?" ಎಂದು ಉಸ್ತಾದರನ್ನು ಕೇಳಿದೆ.

"ಕೊಡು. ಒಂದ್ ನಿಮಿಷದಾಗ ಸಾಯ್ತೈತಿ. ಬೂದಿ ನನಗ ತಂದ ಕೊಡು." ಆಮೇಲೆ ಡಬ್ಬಿಯ ತಳದಿಂದ ಒಂದು ಚೀಟಿ ತೆಗೆದರು. ಮುಂಬಯಿಯ ಅಂಗಡಿಯವನು ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟದ್ದು. ಸದಾ ಉರಿಸುವುದಾದರೆ ಇಪ್ಪತ್ತು ಮಿಲಿಆಂಪಿಯರ್ ಕರೆಂಟು. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಉರಿಸುವುದಾದರೆ ಅದರ ಹತ್ತುಪಟ್ಟು ಕೂಡ ತಾಳುತ್ತದೆ, ನಡುವೆ ತಣಿಯಲು ಬಿಟ್ಟರೆ.

ಉಸ್ತಾದರು ಬಿಡಿಸಿ ಹೇಳಿದರು. ಹತ್ತು ಪಾಲು ಹೊತ್ತಿನಲ್ಲಿ ಒಂದು ಪಾಲು ಮಾತ್ರ ಜೋರಾಗಿ ಕರೆಂಟು ಕೊಡು, ಒಂಬತ್ತು ಪಾಲು ಸುಮ್ಮನಿರಿಸು. ಸೆಕೆಂಡಿಗೆ ನೂರು ಸಲ ಹೀಗೆ ಮಾಡಿದರೆ ನಡುವಿನ ಕತ್ತಲು ಕಣ್ಣಿಗೆ ತಿಳಿಯುವುದೇ ಇಲ್ಲ, ದೀಪ ಸದಾ ಉರಿದಂತೆ ಕಾಣುತ್ತದೆ. ಅದು ಬಿಸಿಯಾಗುವುದು ಮಾತ್ರ ಮೊದಲಿನಷ್ಟೇ. ಅದಲ್ಲದೆ ಈ ಕೆಂಪು ಕಾಳುಗಳು ಜೋರು ಕರೆಂಟಿನಲ್ಲಿ ತಮ್ಮ ಪಾಲಿಗಿಂತ ಒಂದಿಷ್ಟು ಹೆಚ್ಚೇ ಬೆಳಕು ಕೊಡುತ್ತವೆ.

ಈಗಿನ ಹುಡುಗರಾದರೆ ಇಷ್ಟಕ್ಕೆ ಬೆರಳುಗುರಿನಷ್ಟು ಮೈಕ್ರೋಕಂಟ್ರೋಲರಿಗೆ ನಾಲ್ಕು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ನಮಗೆ ಅದರ ಹೆಸರೂ ಗೊತ್ತಿರಲಿಲ್ಲ. ಕರೆಂಟನ್ನು ಬಿಟ್ಟು ಬಿಟ್ಟು ಹರಿಸಲು ಎಂಟು ಕಾಲಿನ ಒಂದು ಟೈಮರ್ ಐಸಿ, ಒಂದು ಟ್ರಾನ್ಸಿಸ್ಟರು, ಹಳೆಯ ರೇಡಿಯೋಗಳಿಂದ ಕಿತ್ತ ಬಿಡಿಭಾಗಗಳು. ಹತ್ತು ದಿನ ಕುಳಿತು ಕೂಡಿಸಿದೆ. ಜೋರು ಕರೆಂಟಿನ ಒಂದೊಂದು ಮಿಡಿತ ಎಷ್ಟು ಉದ್ದವಿರಬೇಕೆಂದು ಹೆಚ್ಚುಕಡಿಮೆ ಮಾಡಲು ಒಂದು ತಿರುಗುವ ಗುಂಡಿ ಇಟ್ಟೆ. ಅದಕ್ಕೆ ಹಳೆಯ ರೇಡಿಯೋದ ಹೊಳೆಯುವ ಕಂದು ಗುಂಡಿಯನ್ನೇ ಸಿಕ್ಕಿಸಿದೆ. ಅದಿಲ್ಲದಿದ್ದರೂ ನಡೆಯುತ್ತಿತ್ತು, ಚೆಂದಕ್ಕೆಂದು ಇಟ್ಟದ್ದು.

ಗೋಡೆಗೆ ಹಲಗೆ ಬಡಿದು ನಾಲ್ಕು ದೀಪ ಕೂಡಿಸಿ, ಮಾಲಕರಿಗೆ ಮೂರನೆಯ ಟೇಬಲ್ಲಿನ ಗುಂಡಿ ಒತ್ತಲು ಹೇಳಿದೆ. ಬಿಸಿಲು ಗೋಡೆಯ ಮೇಲಿತ್ತು, ಒಲೆ ಧಗಧಗ ಉರಿಯುತ್ತಿತ್ತು. ಅಕ್ಕ ಹಿಟ್ಟು ನಾದುತ್ತಿದ್ದವಳು ತಟ್ಟನೆ ತಲೆಯೆತ್ತಿ, "ಮೂರನೇದ್ದು!" ಎಂದು ಕೂಗಿದಳು. ನಾನು ಕುಣಿದೆ. ನಿಜಕ್ಕೂ ಕುಣಿದೆ. ಅಂದು ನನಗೆ ಬಂದಷ್ಟು ಬಿಸಿ ರೊಟ್ಟಿ ಯಾವ ಮದುವೆಯ ಬೀಗನಿಗೂ ಬಂದಿರಲಾರದು.

ಆ ಸಂತೋಷ ಸಂತೆಯ ದಿನದವರೆಗೆ ಬಾಳಿತು. ಸಂತೆಯ ದಿನ ಜನ ಬಾಗಿಲವರೆಗೆ ತುಂಬಿದ್ದರು. ಅಡಿಗೆಮನೆಗೆ ಬಂದ ಮಾಲಕರಿಗೆ ದೀಪಗಳು ಇನ್ನೂ ಸ್ವಲ್ಪ ಜೋರಿದ್ದರೆ ಚೆನ್ನ ಎನಿಸಿತು. ಎದುರಿಗೇ ರೇಡಿಯೋದ ಗುಂಡಿ. ವಾರ್ತೆ ಬಂದಾಗ ರೇಡಿಯೋದ ಕಿವಿ ಹಿಂಡುವುದು ನಮ್ಮ ಊರಿನ ಗಂಡಸರ ಕೈಗೆ ಹುಟ್ಟಿನಿಂದ ಬಂದ ಅಭ್ಯಾಸ. ಅವರು ಕೊನೆಯವರೆಗೆ ತಿರುವಿದರು. ಒಂದು ಪಾಲಿದ್ದ ಮಿಡಿತ ಒಂಬತ್ತು ಪಾಲಾಯಿತು. ಹೊತ್ತಿಕೊಂಡಿದ್ದ ಎರಡು ದೀಪ ಝಗ್ಗೆಂದವಂತೆ, "ಭಾಳ ಛಲೋ ಕಂಡ್ವು" ಎಂದು ಮಾಲಕರೇ ಹೇಳಿದರು. ಆಮೇಲೆ ಕಪ್ಪಾದವು. ಅಂದು ಎರಡು ಟೇಬಲ್ಲಿನವರು ಅರ್ಧ ಊಟಕ್ಕೇ ಎದ್ದು ಹೋದರು.

ನಾನು ಅಂಗಡಿಗೆ ಬಂದು ಮಾಲಕರ ಏಳು ತಲೆಮಾರನ್ನು ಬೈದೆ. ಉಸ್ತಾದರು ಭೂತಗನ್ನಡಿ ತೆಗೆಯದೆಯೇ ಕೇಳಿದರು.

"ಆ ಗುಂಡಿ ಇಟ್ಟವರ್ಯಾರು?"

"ನಾನ."

"ತಿರುವೂ ಗುಂಡಿ ಇಟ್ಟರ ಮಂದಿ ತಿರುವೇ ತಿರುವತಾರ. ಅವರನ್ನ್ಯಾಕ ಬೈತಿ? ಗುಂಡಿ ತಗದರೂ ಮುಗೀಲಿಲ್ಲ. ಐಸಿ ಬಿಸಿಯಾಗಿ ನಡುವ ನಿಂತಬಿಟ್ಟರ? ಕರೆಂಟ್ ಹರಕೋತನ ಇರತೈತಿ, ದೀಪ ಹೋಗತೈತಿ. ಆಕಿ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ ಬೇಟಾ. ಯಂತ್ರಾ ಕೆಟ್ಟರೂ ದೀಪ ಉಳೀಬೇಕು. ಅಂಥಾದ್ದ ಮಾಡಿ ಕೊಡು, ಇಲ್ಲಾಂದ್ರ ಬಿಡು."

ಬೈಸಿಕೊಂಡು ಬಹಳ ಸಿಟ್ಟು ಬಂತು, ಸರಿಯಾದ ಮಾತಿಗೆ ಯಾವಾಗಲೂ ಬರುವಂಥ ಸಿಟ್ಟು. ಡಬ್ಬಿಯಲ್ಲಿದ್ದ ಉಳಿದೆರಡು ಕಾಳನ್ನು ತೆಗೆದುಕೊಂಡೆ. ಇನ್ನು ಮುಂಬಯಿಗೆ ಹೋಗುವವರು ಯಾರೂ ಇರಲಿಲ್ಲ. ಮಾಲಕರು ಆಗಲೇ ಬಬಲೇಶ್ವರದ ಆ ಹೆಂಗಸಿಗೆ ಹೇಳಿಕಳಿಸಿಯಾಗಿತ್ತು: ಮುಂದಿನ ಸಂತೆಯ ದಿನ ಆಕೆ ಬರಲಿ. ಅಂದು ಒಬ್ಬ ಗಿರಾಕಿಯ ಕೈ ಒಣಗಿದರೂ ಮರುದಿನದಿಂದ ಒಲೆ ಆಕೆಯದು.

ಅಕ್ಕನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಆದರೆ ತಿಳಿದಿತ್ತು. ಆ ವಾರ ಆಕೆ ಕೂಗಾಡದೆ ಮಾತಾಡುತ್ತಿದ್ದಳು, ಅದು ನನಗೆ ಬಹಳ ಕೆಟ್ಟದೆನಿಸಿತು.

ದಿಕ್ಕು ತೋಚದೆ ಒಂದು ಮಧ್ಯಾಹ್ನ ಒಲೆಯ ಪಕ್ಕ ಕುಳಿತಿದ್ದೆ. ಅಕ್ಕ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ಹೊರಳಿಸುತ್ತಿದ್ದಳು. ನೂರು ಸಲ ನೋಡಿದ್ದೆ, ಅಂದು ಮಾತ್ರ ಅದೇನು ಮಹಾ ಎನಿಸಿ ನಾನೂ ಕೈ ಹಾಕಿದೆ. ಮುಂದಿನ ಕ್ಷಣ ಬೆರಳು ಬಾಯಲ್ಲಿಟ್ಟುಕೊಂಡು ಕುಣಿಯುತ್ತಿದ್ದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ವಾರದಲ್ಲಿ ಮೊದಲ ಸಲ.

"ಒಣಾ ಕೈ ಹಾಕ್ತಾರೇನೋ ಹುಚ್ಚಾ! ಇಲ್ಲಿ ನೋಡು."

ಪಕ್ಕದ ತಟ್ಟೆಯ ನೀರಿನಲ್ಲಿ ಬೆರಳು ಅದ್ದಿದಳು. ಹಂಚಿಗೆ ತಾಗಿಸಿದಳು, ಚುರ್ ಎಂದಿತು, ರೊಟ್ಟಿ ಹೊರಳಿತು, ಕೈ ಹೊರಗಿತ್ತು. ಮತ್ತೆ ನೀರು, ಮತ್ತೆ ಹಂಚು.

"ಹಸಿ ಇರೂತನಾ ಅಷ್ಟ. ಹಸಿ ಆರಿತು ಅಂದ್ರ ಕೈ ತಾನ ಹಿಂದಕ ಬರತೈತಿ. ನೀರಾಗ ಅದ್ದಿದಷ್ಟ ಕೆಲಸಾ."

ನಾನು ಬೆರಳು ಬಾಯಲ್ಲಿಟ್ಟುಕೊಂಡೇ ಅಂಗಡಿಗೆ ಓಡಿದೆ. ಕೆಪ್ಯಾಸಿಟರು! ನಮ್ಮ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಬಿದ್ದಿದ್ದವು. ಬ್ಯಾಟರಿಯನ್ನು ನೇರವಾಗಿ ದೀಪಕ್ಕೆ ಜೋಡಿಸುವುದೇ ಬೇಡ. ಪ್ರತಿ ದೀಪಕ್ಕೂ ಒಂದು ಸಣ್ಣ ಕೆಪ್ಯಾಸಿಟರು. ಸುಮ್ಮನಿರುವ ಹೊತ್ತಿನಲ್ಲಿ ಅದು ಕರೆಂಟು ತುಂಬಿಕೊಳ್ಳಲಿ, ಮಿಡಿತ ಬಂದಾಗ ತುಂಬಿದಷ್ಟನ್ನು ಮಾತ್ರ ದೀಪಕ್ಕೆ ಸುರಿಯಲಿ. ಐಸಿ ಎಲ್ಲಿಯೇ ನಿಂತರೂ ಸುರಿಯಲು ಇನ್ನೇನೂ ಉಳಿದಿರುವುದಿಲ್ಲ. ಹಸಿ ಆರಿದೊಡನೆ ಹಿಂದೆ ಬರುವ ಅಕ್ಕನ ಕೈಯಂತೆ ದೀಪ ಆರುತ್ತದೆ, ಸುಡುವುದಿಲ್ಲ.

ಎರಡು ದಿನದಲ್ಲಿ ಕೂಡಿಸಿದೆ. ತಿರುಗುವ ಗುಂಡಿ ಕಿತ್ತೊಗೆದೆ. ಉಸ್ತಾದರು ಬಂದು ನಿಂತು, ದೀಪ ಉರಿಯುತ್ತಿರುವಾಗಲೇ ಐಸಿಯ ಕಾಲನ್ನು ವೈರಿನಿಂದ ಮುಟ್ಟಿ ಅದನ್ನು ಬೇಕೆಂದೇ ನಿಲ್ಲಿಸಿದರು. ದೀಪ ಆರಿತು. ವೈರು ತೆಗೆದರು, ದೀಪ ಮತ್ತೆ ಹತ್ತಿತು. ಹತ್ತು ಸಲ ಹಾಗೆ ಮಾಡಿದರು, ಹತ್ತು ಸಲವೂ ಹತ್ತಿತು. ಆಮೇಲೆ ನಾನು ಹಚ್ಚಿದ ಸೋಲ್ಡರನ್ನು ಭೂತಗನ್ನಡಿಯಲ್ಲಿ ನೋಡಿ ಏನೂ ಅನ್ನದೆ ಹೋದರು. ಅವರು ಏನೂ ಅನ್ನದಿದ್ದದ್ದು ಅದೇ ಮೊದಲು.

ಸಂತೆಯ ದಿನ ಬಂತು. ಬಬಲೇಶ್ವರದ ಮೊದಲ ಬಸ್ಸಿಗೆ ಆ ಹೆಂಗಸು ಬಂದಿದ್ದಳು. ಮೂವತ್ತರ ಪ್ರಾಯ, ತೆಳ್ಳಗೆ. ಹಿತ್ತಲಿನ ಬಾಗಿಲ ಬಳಿ ಒಂದು ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಆಕೆಯನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಈಕೆ ಇಂದು ಸಂಜೆಯ ಬಸ್ಸಿಗೇ ತಿರುಗಿ ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಉಸ್ತಾದರು ಅರ್ಧ ದಿನ ಬಿಡುವು ಕೊಟ್ಟಿದ್ದರು. ನಾನು ಅಡಿಗೆಮನೆಯ ಮೂಲೆಯಲ್ಲಿ ಬೀಗರ ಮನೆಗೆ ಬಂದವನಂತೆ ನೆಟ್ಟಗೆ ನಿಂತಿದ್ದೆ.

ಹನ್ನೆರಡಕ್ಕೆ ಶುರುವಾಯಿತು. ಒಂದನೆಯದು ಹತ್ತಿತು, ರೊಟ್ಟಿ ಹೋಯಿತು. ನಾಲ್ಕನೆಯದು, ಎರಡನೆಯದು, ಮತ್ತೆ ನಾಲ್ಕನೆಯದು. ಅಕ್ಕನ ಕೈ ಹಿಟ್ಟಿನಲ್ಲಿ, ಕಣ್ಣು ಗೋಡೆಯ ಮೇಲೆ. ಬಿಸಿಲು ಬಂದು ಹಲಗೆಯ ಮೇಲೆ ನಿಂತಿತು, ದೀಪಗಳು ಮಸುಕಾಗಲಿಲ್ಲ. ಗಂಟೆ ಒಂದಾಯಿತು. ಹೊರಗೆ ಒಬ್ಬರೂ ಒದರುತ್ತಿರಲಿಲ್ಲ. ಮಾಲಕರು ಇಣುಕಿ ನೋಡಿ ಮೀಸೆಯಲ್ಲೇ ನಕ್ಕು ಹೋದರು. ಗೆದ್ದೆವು ಎಂದುಕೊಂಡೆ.

ಆಗ ನಾಲ್ಕೂ ದೀಪ ಒಟ್ಟಿಗೆ ಹತ್ತಿದವು. ಅಕ್ಕ ತಲೆಯೆತ್ತಿ ನಾಲ್ಕನ್ನೂ ನೋಡಿದಳು. ಹಂಚಿನ ಮೇಲಿಂದ ರೊಟ್ಟಿ ತೆಗೆದಳು, ಒಲೆಯ ಬದಿಯಲ್ಲಿದ್ದ ಇನ್ನೊಂದನ್ನೂ ತೆಗೆದಳು. ಬಡಿಸುವವನ ಬುಟ್ಟಿಗೆ ಹಾಕುತ್ತಾಳೆಂದು ನೋಡಿದರೆ ತಾಟಿಗೆ ಹಾಕಿದಳು. ಪಲ್ಯ ಬಡಿಸಿದಳು, ಚಟ್ನಿ, ಮೊಸರು. ತಾಟು ಎತ್ತಿಕೊಂಡು ಒಲೆ ಬಿಟ್ಟು ಎದ್ದಳು.

"ಯಕ್ಕಾ! ದೀಪಾ! ದೀಪಾ ನೋಡಬೇ!" ಎಂದು ನಾನು ಕಿವಿ ಕೇಳದವಳ ಬೆನ್ನಿಗೆ ಒದರಿದೆ. ಓಡಿ ಹೋಗಿ ಎದುರಿಗೆ ನಿಂತು ಗೋಡೆ ತೋರಿಸಿದೆ.

"ಕಾಣ್ತಾವೋ ನಿನ್ನ ದೀಪಾ. ನಾ ಏನ ಕುರುಡಿ ಅಲ್ಲ," ಎಂದಳು. ಹಳೆಯ ದನಿ, ಓಣಿಗೆಲ್ಲ ಕೇಳುವಂಥದು. "ಆಕಿ ಮುಂಜಾನಿಂದ ಉಂಡಿಲ್ಲ. ಸರಿ ಅತ್ತಾಗ."

ನಾನು ಸರಿದೆ. ಅಕ್ಕ ಹಿತ್ತಲ ಬಾಗಿಲಲ್ಲಿ ಕುಳಿತಿದ್ದವಳ ಮುಂದೆ ತಾಟು ಇಟ್ಟು, ಒಂದು ತಂಬಿಗೆ ನೀರು ಇಟ್ಟು, "ಉಣ್ಣು ಯವ್ವಾ, ಸಂಕೋಚ ಮಾಡಬ್ಯಾಡ" ಎಂದಳು. ಆಕೆ ತಲೆ ಬಗ್ಗಿಸಿದವಳು ಎತ್ತಲಿಲ್ಲ. ತಿನ್ನುವ ವೇಗದಲ್ಲೇ ಹಸಿವು ಎಷ್ಟಿತ್ತೆಂದು ತಿಳಿಯುತ್ತಿತ್ತು.

ಹೊರಗಿನಿಂದ ಗದ್ದಲ ಶುರುವಾಗಿತ್ತು. ಮಾಲಕರು ಸಿಟ್ಟಿನಿಂದ ಒಳಗೆ ಬಂದವರು ಒಲೆ ಖಾಲಿಯಿದ್ದದ್ದನ್ನು ನೋಡಿದರು, ನಾಲ್ಕು ದೀಪ ನೋಡಿದರು, ಹಿತ್ತಲ ಬಾಗಿಲು ನೋಡಿದರು. ಊರಿಗೆಲ್ಲ ಊಟ ಹಾಕುವ ಮನುಷ್ಯ, ಮುಂಜಾನೆಯಿಂದ ತನ್ನ ಹಿತ್ತಲಲ್ಲಿ ಒಬ್ಬಳನ್ನು ಹಸಿದು ಕೂರಿಸಿದ್ದರು. ಅವರ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿ, "ಅಟ್ಟದ ಮ್ಯಾಲ ಇನ್ನೊಂದು ಹಂಚೈತಿ. ಇಳಸು," ಎಂದರು. ಆಮೇಲೆ ಹೊರಗೆ ಹೋಗಿ ನಾಲ್ಕು ಟೇಬಲ್ಲಿನವರಿಗೂ ಕೈ ಮುಗಿದು, "ಐದ ನಿಮಿಷ ತಡೀರೆಪಾ, ಒಳಗ ಹೆಣ್ಣಮಕ್ಕಳು ಉಣ್ಣಾಕತ್ಯಾರ," ಎಂದದ್ದು ಕೇಳಿಸಿತು. ಒಬ್ಬರೂ ಏಳಲಿಲ್ಲ.

ನಾನು ಅಟ್ಟ ಹತ್ತಿ ಹಂಚು ಇಳಿಸಿದೆ. ಬಬಲೇಶ್ವರದಾಕೆ ಕೈ ತೊಳೆದುಕೊಂಡು, ಯಾರೂ ಹೇಳದಿದ್ದರೂ ಅಕ್ಕನ ಪಕ್ಕ ಕುಳಿತು ಹಿಟ್ಟಿಗೆ ಕೈ ಹಾಕಿದಳು. ಮುಂದೆ ಎಷ್ಟೋ ವರ್ಷ ಆ ಇಬ್ಬರೂ ಅದೇ ಖೋಲಿಯಲ್ಲಿದ್ದರು. ದೀಪಗಳೂ ಸುಡದೆ ನಡೆದವು, ಅದರ ಬಗ್ಗೆ ನನಗೆ ಹೆಮ್ಮೆಯಿದೆ, ಸುಳ್ಳು ಹೇಳಲಾರೆ.

ಆದರೆ ಅಂದು ಹಂಚು ಕೆಳಗಿಡುವಾಗ ನನಗೆ ತಲೆ ಎತ್ತಲಾಗಲಿಲ್ಲ. ಆಕೆ ನಮ್ಮೂರಿನವಳು. ಮುಂಜಾನೆಯಿಂದ ನಾನು ಮೂರು ಸಲ ಆಕೆಯನ್ನು ದಾಟಿಕೊಂಡು ಹೋಗಿದ್ದೆ, ವೈರು ಸರಿಯಿದೆಯೇ ಎಂದು ನೋಡಲು. ಊಟ ಆಯ್ತೇನವ್ವಾ ಎಂದು ಒಂದು ಸಲವೂ ಕೇಳಿರಲಿಲ್ಲ.